ಅಮ್ಮನ ಇನ್ಸುಲಿನ್ ಇಡುವ ಫ್ರಿಜ್‌ಗೆ ಯಾವ ಥರ್ಮಾಮೀಟರ್ ತರಲಿ?

ಪ್ರಶ್ನೆ
ಅಮ್ಮನ ಇನ್ಸುಲಿನ್ ನಮ್ಮ ಫ್ರಿಜ್‌ನಲ್ಲೇ ಇರುತ್ತದೆ. ಹೋದ ವಾರ ಮೇಲಿನ ಶೆಲ್ಫ್‌ನಲ್ಲಿ ಹಿಂದಕ್ಕೆ ತಳ್ಳಿಟ್ಟಿದ್ದ ಹಾಲು ಅಂಚಿನಲ್ಲಿ ಐಸ್ ಆಗಿತ್ತು. ಪಕ್ಕದಲ್ಲೇ ಇನ್ಸುಲಿನ್! ಎದೆ ಧಸಕ್ಕೆಂದಿತು. ಒಮ್ಮೆ ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ ಅಲ್ವಾ, ಎರಡು ಸೀಸೆ ಬಿಸಾಡಿದೆವು. ಫ್ರಿಜ್‌ನ ಗುಂಡಿಯಲ್ಲಿ 1ರಿಂದ 7 ಅಂತ ಮಾತ್ರ ಇದೆ, ಡಿಗ್ರಿ ಇಲ್ಲ. ಜ್ವರ ನೋಡುವ ಥರ್ಮಾಮೀಟರ್ ಇಟ್ಟರೆ ಉಪಯೋಗವಾಗಲಿಲ್ಲ. ಮುಳ್ಳಿನದ್ದು ತರಲೋ, ಡಿಜಿಟಲ್ ತರಲೋ?

ಉತ್ತರ 1
ಜ್ವರದ್ದು ಸುಮಾರು 35ರಿಂದ 42 ಡಿಗ್ರಿಯೊಳಗೆ ಅಳೆಯಲು ಮಾಡಿದ್ದು. ನಿಮಗೆ ಬೇಕಾದ್ದು 2ರಿಂದ 8. ಡಿಜಿಟಲ್ ತನ್ನಿ, ಆದರೆ ಎರಡು ವಿಷಯ ನೋಡಿ. ಉದ್ದನೆಯ ವೈರ್‌ನ ತುದಿಯಲ್ಲಿ ಸೆನ್ಸರ್ ಇರಬೇಕು. ಡಿಸ್‌ಪ್ಲೇ ಹೊರಗೆ ಅಂಟಿಸಿದರೆ ಬಾಗಿಲು ತೆಗೆಯದೇ ಓದಬಹುದು, ಬ್ಯಾಟರಿಯೂ ಚಳಿಗೆ ಸೊರಗುವುದಿಲ್ಲ. ಇನ್ನೊಂದು, ಕನಿಷ್ಠ-ಗರಿಷ್ಠ ನೆನಪಿಡುವಂಥದ್ದೇ ಬೇಕು. ನಿಮ್ಮ ಹಾಲು ಐಸ್ ಆಗಿದ್ದು ನಡುರಾತ್ರಿಯೇ ಇರಬಹುದು, ಆಗ ಯಾರು ಎದ್ದು ನೋಡುತ್ತಾರೆ?

ತಂದ ದಿನವೇ ಪರೀಕ್ಷೆ ಮಾಡಿ. ಲೋಟದ ತುಂಬ ಐಸ್ ಚೂರು ಹಾಕಿ, ಸಂದು ತುಂಬುವಷ್ಟು ನೀರು ಸುರಿದು ಕಲಕಿ. ಸೆನ್ಸರನ್ನು ಲೋಟಕ್ಕೆ ತಾಗದಂತೆ ನಡುವೆ ಹಿಡಿಯಿರಿ. 0 ತೋರಿಸಬೇಕು. 1 ತೋರಿಸಿದರೆ ಮುಂದೆಯೂ 1 ಕಳೆದು ಓದಿ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಔಷಧಿಯ ವಿಷಯದಲ್ಲಿ ಒಂದು ಡಿಗ್ರಿಯೂ ದೊಡ್ಡದೇ.

ಆಮೇಲೆ ಸೆನ್ಸರನ್ನು ಸುಮ್ನೆ ಗಾಳಿಯಲ್ಲಿ ನೇತುಹಾಕಬೇಡಿ. ಬಾಗಿಲು ತೆಗೆದಾಗಲೆಲ್ಲ ಅಂಕಿ ಜಿಗಿಯುತ್ತದೆ. ಒಂದು ಲೋಟ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಡಿ.

ಉತ್ತರ 2
ಲೋಟ ನೀರು ಜಾಸ್ತಿಯಾಯಿತು. ಇನ್ಸುಲಿನ್ ಸೀಸೆಯಲ್ಲಿ ಇರುವುದೇ 10 ಎಂಎಲ್. ಲೋಟದ ನೀರು ನಿಧಾನವಾಗಿ ತಣ್ಣಗಾಗುತ್ತದೆ, ಅಷ್ಟರಲ್ಲಿ ಪಕ್ಕದ ಸೀಸೆ ಗಟ್ಟಿಯಾಗಿರುತ್ತದೆ. ಅಷ್ಟೇ ನೀರು ಹಿಡಿಯುವ ಪುಟ್ಟ ಸೀಸೆಯಲ್ಲಿ ಸೆನ್ಸರ್ ಇಳಿಸಿ, ಇನ್ಸುಲಿನ್ ಪಕ್ಕದಲ್ಲೇ ಇಡಿ.

ಉತ್ತರ 3
ಪಾದರಸದ ಗಾಜಿನದ್ದು ಮಾತ್ರ ಬೇಡ, ಒಡೆದರೆ ವಿಷ. ಫ್ರೀಜರ್‌ಗೆ ಮುಳ್ಳಿನದ್ದೇ ಸಾಕು, -18ರ ಹತ್ತಿರ ನಿಂತರೆ ಸರಿ.

ಪ್ರಶ್ನೆ ಕೇಳಿದವರು
ಡಿಜಿಟಲ್ಲೇ ತಂದೆ. ಐಸ್ ನೀರಿನಲ್ಲಿ 0.4 ತೋರಿಸಿತು, ಅದನ್ನು ಡಿಸ್‌ಪ್ಲೇ ಮೇಲೆ ಬರೆದು ಅಂಟಿಸಿದ್ದೇನೆ. ಪುಟ್ಟ ಸೀಸೆಯನ್ನು ಮೊದಲ ರಾತ್ರಿ ಹಿಂದೆ ಇಟ್ಟೆ: ಕಳೆದು ನೋಡಿದರೆ ಕನಿಷ್ಠ -1! ಮರುರಾತ್ರಿ ನಡುವಿನ ಶೆಲ್ಫ್‌ನಲ್ಲಿ ಮುಂದಕ್ಕೆ: ಕನಿಷ್ಠ 3, ಗರಿಷ್ಠ 5. ಗುಂಡಿ ಮುಟ್ಟಲೇ ಇಲ್ಲ, ಜಾಗ ಬದಲಾಯಿಸಿದ್ದಷ್ಟೇ. ಇನ್ಸುಲಿನ್ ಈಗ ಅಲ್ಲಿದೆ. ಬೆಳಿಗ್ಗೆ ಎದ್ದ ಕೂಡಲೇ ಅಮ್ಮನೇ ಅಂಕಿ ಓದಿ ಹೇಳುತ್ತಾರೆ.