ಎರಡನೇ ಹೆರಿಗೆಗೂ ಕ್ಲಾಸ್ ಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬನಶಂಕರಿಯಲ್ಲಿದ್ದೀವಿ, ನನಗೀಗ 7ನೇ ತಿಂಗಳು, ಎರಡನೇ ಮಗು. ಹೆರಿಗೆ ಕ್ಲಾಸ್‌ಗೆ ಮತ್ತೆ ಸೇರೋದಾ ಬೇಡವಾ ಅಂತ ತೀರ್ಮಾನ ಮಾಡೋಕೆ ಆಗ್ತಿಲ್ಲ.

"ಒಂದು ಹೆತ್ತವಳಿಗೆ ಇನ್ನೇನು ಕಲಿಸ್ತಾರೆ" ಅಂತಾರೆ ಅಮ್ಮ. ಆದರೆ ನನಗೆ ಹೆರಿಗೆ ನೋವೇ ಗೊತ್ತಿಲ್ಲ. ಮಗು ಉಲ್ಟಾ ಇತ್ತು ಅಂತ ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದ್ರು. ಈ ಸಲ ತಲೆ ಕೆಳಗಿದೆ, ಹಳೇ ಹೊಲಿಗೆ ಅಡ್ಡಕ್ಕಿದೆ, ವಿಬ್ಯಾಕ್ (ಸಿಸೇರಿಯನ್ ಆದಮೇಲೆ ನಾರ್ಮಲ್ ಹೆರಿಗೆ) ಪ್ರಯತ್ನಿಸಬಹುದು ಅಂದಿದ್ದಾರೆ ಡಾಕ್ಟರ್. ತುಂಬಾ ಆಸೆ ಇದೆ, ಭಯಾನೂ ಇದೆ.

ಡಯಾಪರ್, ಸ್ನಾನ, ಹಾಲೂಡಿಸೋದು ಎಲ್ಲ ರೂಢಿಯಾಗಿದೆ, ಅದಕ್ಕೋಸ್ಕರ ಶನಿವಾರ ಪೂರ್ತಿ ಮಗಳನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ. ನನಗೆ ಬೇಕಿರೋದು: ನೋವು ಶುರುವಾದ್ರೆ ಎಷ್ಟು ಬೇಗ ಆಸ್ಪತ್ರೆಗೆ ಹೊರಡಬೇಕು (ನಮ್ಮ ಟ್ರಾಫಿಕ್ ಗೊತ್ತಲ್ಲ), ಮಗುವಿನ ಎದೆಬಡಿತ ನೋಡೋ ಬೆಲ್ಟ್ ಕಟ್ಟಿದ್ದಾಗ ಮಲಗದೆ ಹೇಗೆ ಕೂರೋದು, ಉಸಿರು ಹೇಗೆ ಬಿಡೋದು, ಸೊಂಟಕ್ಕೆ ಎಲ್ಲಿ ಒತ್ತಿದ್ರೆ ಹಾಯಾಗತ್ತೆ ಅಂತ ನಮ್ಮೆಜಮಾನ್ರಿಗೆ ಕೈ ಹಿಡಿದು ತೋರಿಸೋರು.

ಸಿಸೇರಿಯನ್ ಆದಮೇಲೆ ನಾರ್ಮಲ್ ಆದವರು ಇಲ್ಲಿದ್ದೀರಾ? ಕ್ಲಾಸ್ ನಿಜವಾಗ್ಲೂ ಉಪಯೋಗಕ್ಕೆ ಬಂತಾ? ಜಯನಗರ, ಜೆ.ಪಿ. ನಗರ ಕಡೆ ಕನ್ನಡದಲ್ಲೇ, ಎರಡನೇ ಸಲದವರಿಗೆ ಅಂತಲೇ ಹೇಳಿಕೊಡೋರು ಇದ್ದರೆ ದಯವಿಟ್ಟು ತಿಳಿಸಿ.