ಎಫ್‌ಎಕ್ಸ್3ಯು ಪಿಎಲ್‌ಸಿಯಲ್ಲಿ ಬ್ಯಾಟ್ ಲ್ಯಾಂಪ್ ಬಂದಿದೆ, ಹಬ್ಬದ ರಜೆಗೆ ಮುಂಚೆ ಏನು ಮಾಡಬೇಕು?

ಪೌಚ್_ಲೈನ್:
ಪೌಚ್ ಪ್ಯಾಕಿಂಗ್ ಮಷೀನ್, ಅದನ್ನು ನಡೆಸೋ ಪಿಎಲ್‌ಸಿ (ಮಷೀನ್ ಕಂಟ್ರೋಲರ್) ಮಿತ್ಸುಬಿಷಿ ಎಫ್‌ಎಕ್ಸ್3ಯು-64ಎಮ್‌ಆರ್. ಪಿಎಲ್‌ಸಿ ಮುಖದ ಮೇಲೆ ಬ್ಯಾಟ್ ಅಂತ ಬರೆದಿರೋ ಕೆಂಪು ಲ್ಯಾಂಪ್ ಉರೀತಾ ಇದೆ. ರನ್ ಲ್ಯಾಂಪ್ ಹಸಿರು, ಮಷೀನ್ ಆರಾಮಾಗಿ ಓಡ್ತಿದೆ. ಆಯುಧ ಪೂಜೆಗೆ ಮೇನ್ ಇಳಿಸಿ ನಾಲ್ಕು ದಿನ ಬಂದ್. ಅಷ್ಟರೊಳಗೆ ಬ್ಯಾಟರಿ ಹಾಕಬೇಕು.

ಪವರ್ ಆನ್ ಇಟ್ಟು ಬದಲಿಸಬೇಕು ಅಂತ ಒಬ್ಬರು, ಆಫ್ ಮಾಡಿಯೇ ಬದಲಿಸಬೇಕು ಅಂತ ಇನ್ನೊಬ್ಬರು. ಯಾವುದು ಸರಿ? ಪ್ರೋಗ್ರಾಂ ಕಾಪಿ ನಮ್ಮ ಹತ್ತಿರ ಇಲ್ಲ. ಲ್ಯಾಪ್‌ಟಾಪಿನಲ್ಲಿ ಪಿಎಲ್‌ಸಿ ಸಾಫ್ಟ್‌ವೇರ್ ಜಿಎಕ್ಸ್ ವರ್ಕ್ಸ್2 ಇದೆ, ಎಸ್‌ಸಿ-09 ಯುಎಸ್‌ಬಿ ಕೇಬಲ್ ಇದೆ, ಆದರೆ ಕನೆಕ್ಟ್ ಆಗ್ತಿಲ್ಲ. ಪ್ಯಾರಾಮೀಟರ್‌ನಲ್ಲಿ "ಬ್ಯಾಟರಿ ಲೆಸ್ ಮೋಡ್" ಟಿಕ್ ಮಾಡಿದರೆ ಲ್ಯಾಂಪ್ ಹೋಗುತ್ತೆ, ಬ್ಯಾಟರಿಯೇ ಬೇಡ ಅಂತ ಎಲೆಕ್ಟ್ರಿಷಿಯನ್ ಹೇಳ್ತಿದ್ದಾರೆ. ಮಾಡಬಹುದಾ?

ರಂಗ್_ನಂ_ಒಂದು:
ಆ ಟಿಕ್ ಹಾಕಬೇಡಿ. ಕಾರಣ ಕೆಳಗೆ ಬರೀತೀನಿ. ಮೊದಲು ಕಾಪಿ ತೆಗೀರಿ, ಬ್ಯಾಟರಿ ಆಮೇಲೆ.

ಎಫ್‌ಎಕ್ಸ್3ಯು ಒಳಗಿನ ಮೆಮೊರಿ ರ‍್ಯಾಮ್. ಮೆಮೊರಿ ಕ್ಯಾಸೆಟ್ ಇಲ್ಲದಿದ್ದರೆ ಲ್ಯಾಡರ್ (ಪ್ರೋಗ್ರಾಂ) ಕೂಡ ಅದೇ ರ‍್ಯಾಮ್‌ನಲ್ಲಿ ಇರುತ್ತೆ. ಮೇನ್ ಆನ್ ಇರುವಾಗ ರ‍್ಯಾಮ್‌ಗೆ ಪಿಎಲ್‌ಸಿಯ ಸಪ್ಲೈಯೇ ಸಾಕು, ಬ್ಯಾಟರಿಗೆ ಕೆಲಸ ಇಲ್ಲ. ಮೇನ್ ಇಳಿಸಿದ ಕ್ಷಣದಿಂದ ಎಲ್ಲ ಭಾರ ಬ್ಯಾಟರಿ ಮೇಲೆ. ಅದಕ್ಕೇ ಈ ಥರ ಪ್ರೋಗ್ರಾಂ ಹೋಗೋದು ಕೆಲಸದ ದಿನ ಅಲ್ಲ, ರಜೆ ಮುಗಿಸಿ ಬಂದ ಬೆಳಿಗ್ಗೆ. ಲ್ಯಾಂಪ್ ಬಂದ ಮೇಲೆ ಸುಮಾರು ಒಂದು ತಿಂಗಳು ಮೆಮೊರಿ ನಿಲ್ಲುತ್ತೆ ಅನ್ನೋದು ಲೆಕ್ಕ, ಆದರೆ ನಿಮ್ಮ ಲ್ಯಾಂಪ್ ಯಾವತ್ತು ಬಂತು ಅಂತ ಯಾರಿಗೆ ಗೊತ್ತು? ಪ್ಯಾನಲ್ ಬಾಗಿಲು ಮುಚ್ಚಿರುತ್ತೆ.

ಕನೆಕ್ಟ್ ಆಗದಿರೋದಕ್ಕೆ ಹೆಚ್ಚಾಗಿ ಎರಡೇ ಕಾರಣ. ಒಂದು, ಕನೆಕ್ಷನ್ ಡೆಸ್ಟಿನೇಷನ್‌ನಲ್ಲಿ ನೀವು "ಯುಎಸ್‌ಬಿ" ಆರಿಸಿರ್ತೀರಿ. ಕೇಬಲ್ ಲ್ಯಾಪ್‌ಟಾಪ್ ಕಡೆ ಯುಎಸ್‌ಬಿ ಆದರೂ ವಿಂಡೋಸ್‌ಗೆ ಅದು ಕಾಮ್ ಪೋರ್ಟ್. ಡಿವೈಸ್ ಮ್ಯಾನೇಜರ್ ತೆರೆದು ಕಾಮ್ ನಂಬರ್ ನೋಡಿ, ಇಲ್ಲಿ "ಆರ್‌ಎಸ್-232ಸಿ" ಆರಿಸಿ ಅದೇ ನಂಬರ್ ಕೊಡಿ, ವೇಗ 9.6 ಇಡಿ. ಎರಡು, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, "ಕೋಡ್ 10". ಅಗ್ಗದ ಕೇಬಲ್‌ಗಳಲ್ಲಿ ಬರೋ ನಕಲಿ ಪಿಎಲ್2303 ಚಿಪ್‌ಗೆ ವಿಂಡೋಸ್ 10ರ ಹೊಸ ಡ್ರೈವರ್ ಒಪ್ಪೋದಿಲ್ಲ. ಹಳೇ ಡ್ರೈವರ್‌ಗೆ ಹಿಂದಿರುಗಿ, ಇಲ್ಲ ಬೇರೆ ಕೇಬಲ್ ತನ್ನಿ. ಪಿಎಲ್‌ಸಿ ಕಡೆ 8 ಪಿನ್ನಿನ ದುಂಡು ಪ್ಲಗ್. ಬಾಣದ ಗುರುತು ನೋಡಿ ಹಾಕಿ, ತಿರುವಿ ಒತ್ತಿದರೆ ಪಿನ್ ಬಾಗುತ್ತೆ.

ಕನೆಕ್ಟ್ ಆದ ಮೇಲೆ ಪಿಎಲ್‌ಸಿಯಿಂದ ಪ್ಯಾರಾಮೀಟರ್ ಮತ್ತು ಪ್ರೋಗ್ರಾಂ ಎರಡನ್ನೂ ರೀಡ್ ಮಾಡಿ, ಸೇವ್ ಮಾಡಿ, ಕೂಡಲೇ "ವೆರಿಫೈ" ಮಾಡಿ. ಕಾಮೆಂಟ್ ಬರದಿದ್ದರೆ ಗಾಬರಿ ಬೇಡ, ಮಷೀನ್ ಮಾಡಿದವರು ಕಾಮೆಂಟನ್ನು ಪಿಎಲ್‌ಸಿಗೆ ಇಳಿಸಿರೋದಿಲ್ಲ. ಕೀವರ್ಡ್ (ಪಾಸ್‌ವರ್ಡ್) ಕೇಳಿದರೆ ಅಲ್ಲಿಗೆ ನಿಲ್ಲಿಸಿ, ಮಷೀನ್ ತಯಾರಕರಿಂದಲೇ ಕಾಪಿ ತರಿಸಿ. ಅದು ಕೈಗೆ ಬರೋವರೆಗೆ ಮೇನ್ ಇಳಿಸಬೇಡಿ, ಹಬ್ಬ ಇದ್ದರೂ.

ಸೆಟ್‌ಪಾಯಿಂಟ್:
ಮೇಲೆ ಹೇಳಿದ್ದರಲ್ಲಿ ಒಂದು ಉಳಿದಿದೆ, ಜನ ಸಿಕ್ಕಿಬೀಳೋದೂ ಅಲ್ಲೇ. ಪ್ರೋಗ್ರಾಂ ರೀಡ್ ಮಾಡಿದರೆ ಲ್ಯಾಡರ್ ಮಾತ್ರ ಬರುತ್ತೆ. ಪೌಚ್ ಉದ್ದ, ಸೀಲಿಂಗ್ ಟೆಂಪರೇಚರ್, ಕಟ್ಟರ್ ಟೈಮಿಂಗ್, ಇವೆಲ್ಲ ರಿಜಿಸ್ಟರ್‌ಗಳಲ್ಲಿ ಇರೋ ಸಂಖ್ಯೆಗಳು. ಲ್ಯಾಡರ್ ವಾಪಸ್ ಹಾಕಿದರೂ ಅವು ಬರೋದಿಲ್ಲ. ಮಷೀನ್ ಓಡುತ್ತೆ, ಪೌಚ್ ಮಾತ್ರ ಸೀಲ್ ಆಗಲ್ಲ.

ಎಫ್‌ಎಕ್ಸ್3ಯು ಡೀಫಾಲ್ಟ್‌ನಲ್ಲಿ ಬ್ಯಾಟರಿ ಹಿಡಿದಿಡೋದು, ಅಂದರೆ ಲ್ಯಾಚ್ ಆಗೋದು (ಡಿ, ಆರ್ ಸಂಖ್ಯೆಯ ರಿಜಿಸ್ಟರ್, ಎಮ್, ಎಸ್ ಬಿಟ್, ಟಿ ಟೈಮರ್, ಸಿ ಕೌಂಟರ್): ಡಿ200ರಿಂದ ಡಿ7999, ಆರ್0ಯಿಂದ ಆರ್32767, ಎಮ್500ರಿಂದ ಎಮ್7679, ಎಸ್500ರಿಂದ ಎಸ್4095, ಟಿ246ರಿಂದ ಟಿ255, ಸಿ100ರಿಂದ ಸಿ199, ಸಿ220ರಿಂದ ಸಿ255. ಜೊತೆಗೆ ಗಡಿಯಾರ. ಪ್ರಾಜೆಕ್ಟ್ ಟ್ರೀಯಲ್ಲಿ "ಡಿವೈಸ್ ಮೆಮೊರಿ" ಅಂತ ಹೊಸದೊಂದು ಸೇರಿಸಿ, ಅದನ್ನು ತೆರೆದು ಡಿ ಮತ್ತು ಆರ್ ಎರಡನ್ನೂ ಪಿಎಲ್‌ಸಿಯಿಂದ ಓದಿಸಿ. ಆರ್ ಮರೆಯೋರೇ ಜಾಸ್ತಿ. ರೆಸಿಪಿ ಬರೆಯೋರು ಜಾಗ ಸಾಲದೆ ಆರ್‌ಗೆ ಹೋಗಿರ್ತಾರೆ. ಅದರ ಮೇಲೆ ಎಚ್‌ಎಮ್‌ಐ ಸ್ಕ್ರೀನಿನ ಪ್ರತಿ ಸೆಟ್ಟಿಂಗ್ ಪೇಜಿನ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಎರಡು ನಿಮಿಷದ ಕೆಲಸ.

ಇದೇ ಕಾರಣಕ್ಕೆ ಬ್ಯಾಟರಿ ಲೆಸ್ ಮೋಡ್ ಬೇಡ. ಅದು ಹೆಸರಿಗೆ ತಕ್ಕ ಹಾಗೆಯೇ ಕೆಲಸ ಮಾಡುತ್ತೆ: ಬ್ಯಾಟರಿ ಚೆಕ್ ನಿಲ್ಲಿಸುತ್ತೆ, ಮತ್ತು ಬ್ಯಾಟರಿ ಇಲ್ಲ ಅಂತ ತಿಳಿದು ಲ್ಯಾಚ್ ಆದ ಮೆಮೊರಿಯನ್ನೆಲ್ಲ ತಾನೇ ಕ್ಲಿಯರ್ ಮಾಡುತ್ತೆ. ಫ್ಲ್ಯಾಶ್ ಕ್ಯಾಸೆಟ್ ಇದ್ದು, ಯಾವ ಸಂಖ್ಯೆಯನ್ನೂ ನೆನಪಿಡಬೇಕಿಲ್ಲದ ಮಷೀನ್‌ಗೆ ಮಾತ್ರ ಅದು. ಎಮ್8030 ಆನ್ ಮಾಡಿದರೂ ಲ್ಯಾಂಪ್ ಆರುತ್ತೆ, ಡೇಟಾಗೆ ಏನೂ ಆಗಲ್ಲ. ಆದರೆ ಅದು ಹೊಗೆ ಬರೋ ಕಡೆಗೆ ಬೆನ್ನು ತಿರುಗಿಸಿ ಕೂತ ಹಾಗೆ.

ಪೌಚ್_ಲೈನ್:
ಕಾಮ್ ಪೋರ್ಟ್ ಆರಿಸಿದ ಕೂಡಲೇ ಕನೆಕ್ಟ್ ಆಯ್ತು. ಕೀವರ್ಡ್ ಇರಲಿಲ್ಲ, ರೀಡ್ ಮತ್ತು ವೆರಿಫೈ ಎರಡೂ ಆಯ್ತು. ಡಿ, ಆರ್ ಎರಡೂ ಸೇವ್ ಆಗಿವೆ. ಆರ್100 ಸುತ್ತ ನಿಜಕ್ಕೂ ಸಂಖ್ಯೆಗಳಿವೆ. ಮಾನಿಟರ್‌ನಲ್ಲಿ ಡಿ8005 26 ತೋರಿಸ್ತಿದೆ. ಇನ್ನು ಬ್ಯಾಟರಿ ಬದಲಿಸೋ ಕ್ರಮ ಹೇಳಿ. ಇದೇ ಪ್ಯಾನಲ್‌ನಲ್ಲಿ ಫಿಲ್ಮ್ ಎಳೆಯೋಕೆ ಎಮ್‌ಆರ್-ಜೆ3 ಸರ್ವೊ ಇದೆ, ಅದರಲ್ಲೂ ಒಂದು ಬ್ಯಾಟರಿ ಕಾಣ್ತಿದೆ. ಅದನ್ನೂ ಒಟ್ಟಿಗೆ ಬದಲಿಸಿಬಿಡಲಾ?

ರಂಗ್_ನಂ_ಒಂದು:
ಡಿ8005 ಅಂದರೆ ಬ್ಯಾಟರಿ ವೋಲ್ಟೇಜ್, 0.1 ವೋಲ್ಟ್ ಲೆಕ್ಕದಲ್ಲಿ. 26 ಅಂದರೆ 2.6 ವೋಲ್ಟ್. ಈ ಮಾಡೆಲ್‌ನಲ್ಲಿ 2.7ಕ್ಕೆ ಇಳಿದರೆ ಎಮ್8005 ಆನ್ ಆಗಿ ಲ್ಯಾಂಪ್ ಬರುತ್ತೆ, ಹಾಗಾಗಿ ನಿಮ್ಮದು ಸರಿಯಾಗೇ ತೋರಿಸ್ತಿದೆ.

ಬೇಕಾದದ್ದು ಎಫ್‌ಎಕ್ಸ್3ಯು-32ಬಿಎಲ್, 3 ವೋಲ್ಟ್, ವೈರ್ ಮತ್ತು ಕನೆಕ್ಟರ್ ಸಮೇತ ಬರುತ್ತೆ. ಹಳೇ ಎಫ್‌ಎಕ್ಸ್2ಎನ್‌ಗೆ ಹಾಕೋ ಎಫ್2-40ಬಿಎಲ್ 3.6 ವೋಲ್ಟ್, ಅದನ್ನು ಇದಕ್ಕೆ ಹಾಕಬೇಡಿ. ಎಸ್‌ಪಿ ರೋಡ್‌ನಲ್ಲಿ ತಗೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ತಯಾರಾದ ತಿಂಗಳು ಕೇಳಿ ತಗೊಳ್ಳಿ. 25 ಡಿಗ್ರಿಯಲ್ಲಿ ಸುಮಾರು 5 ವರ್ಷ ಅನ್ನೋ ಆಯಸ್ಸು ಅಂಗಡಿ ಶೆಲ್ಫ್‌ನಲ್ಲೂ ಕರಗ್ತಾ ಇರುತ್ತೆ, ಡ್ರೈವ್ ಇರೋ ಬಿಸಿ ಪ್ಯಾನಲ್‌ನಲ್ಲಿ ಇನ್ನೂ ಬೇಗ. ಸೆಲ್ ಮಾತ್ರ ತಂದು ಹಳೇ ವೈರ್ ಬೆಸುಗೆ ಹಾಕೋ ಯೋಚನೆ ಬೇಡ. ಲಿಥಿಯಂ ಸೆಲ್ ಮೈಗೆ ನೇರ ಸೋಲ್ಡರಿಂಗ್ ಐರನ್ ಇಟ್ಟರೆ ಒಳಗಿನ ಸೀಲ್ ಹಾಳಾಗುತ್ತೆ, ಸಿಡಿಯಲೂಬಹುದು.

ನಿಮ್ಮ ಪಿಎಲ್‌ಸಿಗೆ ಪವರ್ ಆಫ್ ಮಾಡಿಯೇ ಬದಲಿಸೋದು. ಹೊಸ ಬ್ಯಾಟರಿ ಪ್ಯಾಕೆಟ್ ಒಡೆದು ಕೈಯಲ್ಲಿ ಇಟ್ಕೊಂಡ ಮೇಲೆ ಆಫ್ ಮಾಡಿ. ಅದಕ್ಕೂ ಮುಂಚೆ ಪಿಎಲ್‌ಸಿ ಸ್ವಲ್ಪ ಹೊತ್ತು ಆನ್‌ನಲ್ಲಿ ಇದ್ದಿರಬೇಕು, ಒಳಗಿನ ಕೆಪಾಸಿಟರ್ ತುಂಬಿರಲಿ ಅಂತ. ಬ್ಯಾಟರಿ ಕವರ್ ತೆಗೆದು, ಹಳೇ ಬ್ಯಾಟರಿಯನ್ನು ಹೋಲ್ಡರ್‌ನಿಂದ ಎತ್ತಿ ಕನೆಕ್ಟರ್ ಬಿಡಿಸಿ. ಆ ಕ್ಷಣದಿಂದ 20 ಸೆಕೆಂಡಿನೊಳಗೆ ಹೊಸದರ ಕನೆಕ್ಟರ್ ಸೇರಿಸಬೇಕು. ಕನೆಕ್ಟರ್ ಸಣ್ಣದು, ಕತ್ತಲೆ ಪ್ಯಾನಲ್‌ನಲ್ಲಿ 20 ಸೆಕೆಂಡ್ ಬೇಗ ಹೋಗುತ್ತೆ, ಟಾರ್ಚ್ ಹಿಡಿಯೋಕೆ ಒಬ್ಬರು ಇರಲಿ. ವೈರನ್ನು ಹಿಡಿದು ಎಳೆಯಬೇಡಿ, ಕನೆಕ್ಟರ್ ಮೈ ಹಿಡಿದು ಎಳೀರಿ.

ಆನ್ ಮಾಡಿದಾಗ ಬ್ಯಾಟ್ ಲ್ಯಾಂಪ್ ಹೋಗಿರಬೇಕು, ಡಿ8005 30ರ ಆಸುಪಾಸು ಇರಬೇಕು. ಲ್ಯಾಂಪ್ ಇನ್ನೂ ಇದ್ದರೆ ಕನೆಕ್ಟರ್ ಪೂರ್ತಿ ಕೂತಿಲ್ಲ. ಎರರ್ ಲ್ಯಾಂಪ್ ಮಿನುಗಿದರೆ ಪ್ರೋಗ್ರಾಂ ಕೆಟ್ಟಿದೆ. ಆಗ ಸ್ವಿಚ್ ಸ್ಟಾಪ್‌ಗೆ ಹಾಕಿ, ಸಾಫ್ಟ್‌ವೇರ್‌ನಿಂದ ಪಿಎಲ್‌ಸಿ ಮೆಮೊರಿ ಕ್ಲಿಯರ್, ನಂತರ ಪ್ಯಾರಾಮೀಟರ್ ಮತ್ತು ಪ್ರೋಗ್ರಾಂ ರೈಟ್, ಆಮೇಲೆ ಡಿವೈಸ್ ಮೆಮೊರಿ ರೈಟ್, ಕೊನೆಗೆ ಗಡಿಯಾರ. ಈ ಕ್ರಮ ತಪ್ಪಿಸಿ ಕ್ಲಿಯರ್ ಆಮೇಲೆ ಮಾಡಿದರೆ ಹಾಕಿದ ಡೇಟಾ ಮತ್ತೆ ಹೋಗುತ್ತೆ. ರನ್‌ಗೆ ಹಾಕೋ ಮುಂಚೆ ಏರ್ ಲೈನ್ ಮುಚ್ಚಿ, ಹೀಟರ್ ಎಮ್‌ಸಿಬಿ ಇಳಿಸಿಡಿ. ಲ್ಯಾಚ್ ಆದ ಎಮ್, ಎಸ್ ಬಿಟ್‌ಗಳು ಯಾವ ಸ್ಥಿತಿಯಲ್ಲಿವೆಯೋ ಹೇಳೋಕಾಗಲ್ಲ, ಸೈಕಲ್ ಮಧ್ಯದಿಂದ ಶುರುವಾದರೆ ಕಟ್ಟರ್ ಹೊಡೆಯುತ್ತೆ.

ಸಿಂಕ್_ಸೋರ್ಸ್:
ಸರ್ವೊ ಬ್ಯಾಟರಿ ಒಟ್ಟಿಗೆ ಬೇಡ ಸರ್. ಅದರ ನಿಯಮ ಉಲ್ಟಾ. ಎಮ್‌ಆರ್-ಜೆ3ಯಲ್ಲಿ ಆ ಬ್ಯಾಟರಿ ಎನ್‌ಕೋಡರ್‌ನ (ಮೋಟರ್ ಎಷ್ಟು ತಿರುಗಿದೆ ಅಂತ ಅಳೆಯೋ ಭಾಗ) ಅಬ್ಸಲ್ಯೂಟ್ ಪೊಸಿಷನ್ ಹಿಡಿದಿಡೋಕೆ. ಕಂಟ್ರೋಲ್ ಸಪ್ಲೈ, ಅಂದರೆ ಎಲ್11 ಮತ್ತು ಎಲ್21, ಆನ್ ಇರಬೇಕು, ಮೇನ್ ಸಪ್ಲೈ ಆಫ್ ಇರಬೇಕು, ಆಗ ಬದಲಿಸಬೇಕು. ಎಲ್ಲ ಆಫ್ ಮಾಡಿ ಕಿತ್ತರೆ ಎಎಲ್.25 ಅಲಾರಂ (ಪೊಸಿಷನ್ ಅಳಿಸಿಹೋಗಿದೆ) ಬರುತ್ತೆ, ಹೋಮ್ ಪೊಸಿಷನ್ ಮತ್ತೆ ಸೆಟ್ ಮಾಡಬೇಕಾಗುತ್ತೆ. ಮೇನ್ ಇಳಿಸಿದರೂ ಡಿಸಿ ಬಸ್‌ನಲ್ಲಿ ವೋಲ್ಟೇಜ್ ಇರುತ್ತೆ, ಚಾರ್ಜ್ ಲ್ಯಾಂಪ್ ಆರಿದ್ದನ್ನು ನೋಡಿ, ಮೀಟರ್‌ನಲ್ಲಿ ಖಾತ್ರಿ ಮಾಡ್ಕೊಂಡು ಕೈ ಹಾಕಿ. ಈಗ ಎಎಲ್.9ಎಫ್ ಬ್ಯಾಟರಿ ಎಚ್ಚರಿಕೆ ಇಲ್ಲದಿದ್ದರೆ ಅದನ್ನು ಬೇರೆ ದಿನ ನೋಡ್ಕೊಳ್ಳಿ.

ಆನ್ ಅಂದವರೂ ಸುಳ್ಳು ಹೇಳಿಲ್ಲ, ಅವರು ಬೇರೆ ಪಿಎಲ್‌ಸಿ ಬಗ್ಗೆ ಹೇಳಿರ್ತಾರೆ. ಸೀಮೆನ್ಸ್ ಎಸ್7-300ರ ಬ್ಯಾಟರಿ ಇರೋ ಹಳೇ ಸಿಪಿಯುಗಳಲ್ಲಿ ಪವರ್ ಆನ್ ಇಟ್ಟೇ ಬದಲಿಸಬೇಕು, ಇಲ್ಲದಿದ್ದರೆ ಯೂಸರ್ ಮೆಮೊರಿ ಖಾಲಿ. ಎಮ್‌ಎಮ್‌ಸಿ ಕಾರ್ಡಿನ ಹೊಸ ಸಿಪಿಯುಗಳಿಗೆ ಬ್ಯಾಟರಿಯೇ ಇಲ್ಲ. ಮಿತ್ಸುಬಿಷಿಯದೇ ಕ್ಯೂ ಸೀರೀಸ್‌ನಲ್ಲಿ ಕ್ಯೂ6ಬ್ಯಾಟ್: 10 ನಿಮಿಷ ಆನ್ ಇಟ್ಟು, ಆಫ್ ಮಾಡಿ, 3 ನಿಮಿಷದೊಳಗೆ. ಒಂದೇ ಕಂಪನಿಯಲ್ಲೇ 20 ಸೆಕೆಂಡ್ ಒಂದು ಕಡೆ, 3 ನಿಮಿಷ ಇನ್ನೊಂದು ಕಡೆ.

3.6 ವೋಲ್ಟಿನ ಥಯೋನಿಲ್ ಕ್ಲೋರೈಡ್ ಸೆಲ್‌ಗಳನ್ನು ಮಲ್ಟಿಮೀಟರ್ ಹಚ್ಚಿ "ಚೆನ್ನಾಗಿದೆ" ಅಂತ ವಾಪಸ್ ಹಾಕೋದು ಇನ್ನೊಂದು ತಪ್ಪು. ಅವು ಹೆಚ್ಚುಕಮ್ಮಿ ಕೊನೆವರೆಗೂ 3.6 ತೋರಿಸ್ತಾ ಇದ್ದು ಆಮೇಲೆ ಒಮ್ಮೆಲೇ ಕುಸಿಯುತ್ತವೆ. ಲೋಡ್ ಇಲ್ಲದ ರೀಡಿಂಗ್‌ಗೆ ಅರ್ಥ ಇಲ್ಲ. ಬಹಳ ದಿನ ಸುಮ್ಮನೆ ಇಟ್ಟ ಹೊಸ ಸೆಲ್‌ನಲ್ಲಿ ಲಿಥಿಯಂ ಮೇಲೆ ಪದರ ಕಟ್ಟಿ ಶುರುವಿನಲ್ಲಿ ವೋಲ್ಟೇಜ್ ಕುಗ್ಗೋದೂ ಇದೆ. ಎಸ್7-400ರ ಬ್ಯಾಟರಿಗೆ 100 ಓಮ್ ರೆಸಿಸ್ಟರ್‌ನಲ್ಲಿ 2 ಗಂಟೆ ಲೋಡ್ ಕೊಟ್ಟು ಆ ಪದರ ಬಿಡಿಸೋದು ಇದಕ್ಕೇ.

ಸೆಟ್‌ಪಾಯಿಂಟ್:
ಮುಂದಿನ ಸಲಕ್ಕೆ: ಲ್ಯಾಡರ್ ಕೊನೆಯಲ್ಲಿ ಒಂದು ರಂಗ್ (ಸಾಲು) ಸೇರಿಸಿ, ಎಮ್8005 ಕಾಂಟ್ಯಾಕ್ಟ್‌ನಿಂದ ಎಚ್‌ಎಮ್‌ಐ ಅಲಾರಂಗೆ, ಅಥವಾ ಖಾಲಿ ಔಟ್‌ಪುಟ್ ಇದ್ದರೆ ಟವರ್ ಲ್ಯಾಂಪ್‌ಗೆ. ಹೊಸ ಬ್ಯಾಟರಿ ಹಾಕಿದ ಮೇಲೆ, ಸ್ಟಾಪ್‌ನಲ್ಲಿ ಇಟ್ಟು ರೈಟ್ ಮಾಡಿ. ಎಫ್‌ಎಲ್‌ಆರ್‌ಓಎಮ್-64 ಫ್ಲ್ಯಾಶ್ ಕ್ಯಾಸೆಟ್ ಹಾಕಿಸಿದರೆ ಪ್ರೋಗ್ರಾಂ ಬ್ಯಾಟರಿ ಹಂಗಿನಿಂದ ಬಿಡುಗಡೆ ಆಗುತ್ತೆ. ಡಿ, ಆರ್ ಮಾತ್ರ ಆಗಲೂ ಬ್ಯಾಟರಿಯಲ್ಲೇ.

ಹಳೇ ಬ್ಯಾಟರಿಯ ಕನೆಕ್ಟರ್ ಮೇಲೆ ಟೇಪ್ ಸುತ್ತಿ ಇ-ವೇಸ್ಟ್‌ನವರಿಗೆ ಕೊಡಿ, ಗುಜರಿ ಡಬ್ಬಕ್ಕೆ ಬೇಡ. ಹಬ್ಬದ ದಿನ ಪ್ಯಾನಲ್ ಒಳಗೆ ಬ್ಲೋವರ್ ಹಿಡಿಯೋರಿಗೂ ಹೇಳಿಡಿ. ಬ್ಯಾಟರಿ ಕವರ್ ತೆಗೆದು ಧೂಳು ಹೊಡೆಯೋಕೆ ಹೋಗಿ ಕನೆಕ್ಟರ್ ಸಡಿಲ ಮಾಡ್ತಾರೆ. ಕುಂಕುಮ ಬಾಗಿಲ ಹೊರಗಡೆ ಹಚ್ಚಿದರೆ ಸಾಕು.

ಪೌಚ್_ಲೈನ್:
ಬದಲಿಸಿ ಆಯ್ತು. ಲ್ಯಾಂಪ್ ಹೋಗಿದೆ, ಡಿ8005 31. ಸರ್ವೊ ಮುಟ್ಟಿಲ್ಲ. ಕಾಪಿ ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವ್ ಪ್ಯಾನಲ್ ಬಾಗಿಲಿನ ಡ್ರಾಯಿಂಗ್ ಪಾಕೆಟ್‌ನಲ್ಲಿ, ಬ್ಯಾಟರಿ ಹಾಕಿದ ತಾರೀಖಿನ ಸ್ಟಿಕ್ಕರ್ ಕವರ್ ಮೇಲೆ.