ನೂರು ಚೀಲ ಭತ್ತ ಹೊರುವ ಟ್ರೇಲರ್‌ಗೆ ಯಾವ ಬ್ರೇಕ್ ಸರಿ?

ಪ್ರಶ್ನೆ: ಕಾರಟಗಿ ಕಡೆಯ ರೈತ

ಎಲ್ಲರಿಗೂ ನಮಸ್ಕಾರ. ನಮ್ಮ 50 ಎಚ್‌ಪಿ ಟ್ರ್ಯಾಕ್ಟರ್‌ಗೆ ನಾಲ್ಕು ಗಾಲಿಯ ಟ್ರೇಲರ್ ಕಟ್ಟಿ ಗಂಗಾವತಿಯ ರೈಸ್ ಮಿಲ್‌ಗಳಿಗೆ ಭತ್ತ ಸಾಗಿಸುತ್ತೇವೆ. 75 ಕಿಲೋದ ನೂರು ಚೀಲವೆಂದರೆ ಏಳೂವರೆ ಟನ್, ಖಾಲಿ ಟ್ರೇಲರ್‌ನ ತೂಕವೇ ಎರಡು ಟನ್. ಇಷ್ಟು ಭಾರಕ್ಕೆ ಟ್ರೇಲರ್‌ನಲ್ಲಿ ಬ್ರೇಕೇ ಇಲ್ಲ. ಕಳೆದ ಸುಗ್ಗಿಯಲ್ಲಿ ಕಾಲುವೆ ಸೇತುವೆ ಇಳಿಯುವಾಗ ನನ್ನ ತಮ್ಮ ಬ್ರೇಕ್ ಒತ್ತಿದ ಕೂಡಲೇ ಹಿಂದಿನ ಲೋಡು ನೂಕಿ ಟ್ರ್ಯಾಕ್ಟರ್ ಅಡ್ಡ ತಿರುಗಿತು. ಮುಂದಿನ ಗಾಲಿ ನಿಂತಾಗ ಕಾಲುವೆಯ ಅಂಚಿಗೆ ಒಂದು ಮೊಳವಷ್ಟೇ ಉಳಿದಿತ್ತು. ಹುಕ್ಕಿನ ನೂಕುವಿಕೆಯಿಂದಲೇ ಹಿಡಿಯುವ ಬ್ರೇಕ್ ಅಗ್ಗವೆಂದು ಒಬ್ಬ ಮೇಸ್ತ್ರಿ ಹೇಳುತ್ತಾರೆ, ಏರ್ ಬ್ರೇಕ್ ಹಾಕಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಸಿಂಧನೂರಿನ ಫಿಟ್ಟರ್

ಅಣ್ಣನವರೇ, ತಮ್ಮನವರು ಪಾರಾದದ್ದು ದೊಡ್ಡದು. ಮೊದಲು ಆರ್‌ಸಿಯಲ್ಲಿ ನಮೂದಾದ ಭಾರವನ್ನು ನೋಡಿ, ಅದಕ್ಕೆ ಮೀರಿದ ಚೀಲಗಳನ್ನು ಇಳಿಸಿಬಿಡಿ. ಯಾವ ಬ್ರೇಕೂ ಆ ತಪ್ಪನ್ನು ಮುಚ್ಚಲಾರದು.

ಲೆಕ್ಕ ಹೀಗಿದೆ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ದಾರಿಯಲ್ಲಿ ಒಂಬತ್ತೂವರೆ ಟನ್ನಿನ ಟ್ರೇಲರ್ ಸುಮಾರು 475 ಕಿಲೋ ತೂಕದಷ್ಟು ಬಲದಿಂದ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಇದು ಬ್ರೇಕ್ ಒತ್ತುವ ಮೊದಲಿನ ಮಾತು. ನಮ್ಮ ಕಡೆಯ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಟ್ರ್ಯಾಕ್ಟರ್ ನಿಧಾನವಾದರೂ ಹಿಂದಿನ ಭಾರ ನಿಲ್ಲದೆ ನೂಕುವುದರಿಂದ ಹುಕ್ಕಿನ ಬಳಿ ಮಡಚಿಕೊಂಡು ಟ್ರ್ಯಾಕ್ಟರ್ ಅಡ್ಡವಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗ 30 ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ ಎಂಬುದೂ ನೆನಪಿರಲಿ.

ನೂಕುವಿಕೆಯ ಬ್ರೇಕ್ ಹಗುರ ಟ್ರೇಲರ್‌ಗೆ ಒಳ್ಳೆಯದು, ನಿಮ್ಮ ಭಾರಕ್ಕೆ ನಾನು ಅದನ್ನು ಹೇಳಲಾರೆ. ಇಳಿಜಾರಿನುದ್ದಕ್ಕೂ ನೂಕು ಇದ್ದೇ ಇರುವುದರಿಂದ ಅದು ಹಿಡಿದೇ ಇರುತ್ತದೆ, ಗಾಲಿಯ ಬ್ರೇಕ್ ಡ್ರಮ್ ಕಾದು, ಅದನ್ನು ಉಜ್ಜಿ ಹಿಡಿಯುವ ಲೈನರ್‌ನ ಹಿಡಿತ ಸಡಿಲವಾಗುತ್ತದೆ. ಮಿಲ್ಲಿನ ಅಂಗಳದಲ್ಲಿ ಹಿಂದಕ್ಕೆ ತರುವಾಗಲೂ, ಅದನ್ನು ಬಿಡಿಸುವ ಏರ್ಪಾಡು ಇಲ್ಲದಿದ್ದರೆ, ಗಾಲಿಗಳು ಕಚ್ಚಿಕೊಳ್ಳುತ್ತವೆ.

ನನ್ನ ಆಯ್ಕೆ ಎರಡು ಪೈಪಿನ ಏರ್ ಬ್ರೇಕ್. ಕೆಂಪು ಪೈಪು ಟ್ರೇಲರ್‌ನ ಟ್ಯಾಂಕಿಗೆ ಗಾಳಿ ತುಂಬುತ್ತದೆ, ಹಳದಿ ಪೈಪು ಪೆಡಲಿನ ಆಜ್ಞೆಯನ್ನು ಒಯ್ಯುತ್ತದೆ. ಹುಕ್ಕಿನ ಪಿನ್ನು ಕಳಚಿ ಕೆಂಪು ಪೈಪು ಹರಿದರೆ ಟ್ಯಾಂಕಿನಲ್ಲಿರುವ ಗಾಳಿಯೇ ಟ್ರೇಲರ್‌ನ ಬ್ರೇಕನ್ನು ತಾನಾಗಿ ಹಿಡಿಸುತ್ತದೆ. ಇದೊಂದೇ ಗುಣಕ್ಕಾಗಿ ಹೆಚ್ಚಿನ ಹಣ ಕೊಡಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಇಲ್ಲದ ಟ್ರ್ಯಾಕ್ಟರ್‌ಗೆ ಅದನ್ನೂ ಕೂಡಿಸಬೇಕಾಗುತ್ತದೆ, ಖರ್ಚು ಹೆಚ್ಚುವುದು ಅಲ್ಲಿಯೇ. ಕೆಲಸ ಆರಂಭಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಉತ್ತರ: ಸಿರುಗುಪ್ಪದ ಟ್ರ್ಯಾಕ್ಟರ್ ಮಾಲೀಕ

ನಾವು ಟ್ರ್ಯಾಕ್ಟರ್‌ನ ಆಯಿಲ್‌ನಿಂದಲೇ ನಡೆಯುವ ಒಂದೇ ಪೈಪಿನ ಹೈಡ್ರಾಲಿಕ್ ಬ್ರೇಕ್ ಹಾಕಿಸಿದ್ದೆವು. ಹಿಡಿತ ಚೆನ್ನಾಗಿತ್ತು. ಆದರೆ ಒಮ್ಮೆ ಗದ್ದೆಯ ದಾರಿಯಲ್ಲಿ ಪೈಪು ಚಾಸಿಗೆ ಉಜ್ಜಿ ಉಜ್ಜಿ ಒಡೆದು, ಆಯಿಲ್ ಧೂಳಿನಲ್ಲಿ ಕಪ್ಪು ಗೆರೆ ಎಳೆಯುತ್ತ ಬಂದದ್ದನ್ನು ಕೂಲಿಯಾಳು ಕಂಡು ಕೂಗಿದ ಮೇಲಷ್ಟೇ ನಮಗೆ ತಿಳಿಯಿತು. ಅಷ್ಟರಲ್ಲಿ ಟ್ರೇಲರ್‌ಗೆ ಬ್ರೇಕೇ ಉಳಿದಿರಲಿಲ್ಲ. ಆದ್ದರಿಂದ ಮೇಲಿನವರ ಮಾತನ್ನು ನಾನು ಒಪ್ಪುತ್ತೇನೆ.

ಪ್ರಶ್ನಿಸಿದವರು

ಇಬ್ಬರಿಗೂ ಉಪಕಾರವಾಯಿತು. ಭತ್ತ ಇಳಿಸಿ ಖಾಲಿ ಬರುವಾಗ ಏರ್ ಬ್ರೇಕ್ ವಿಪರೀತವಾಗಿ ಹಿಡಿಯುವುದಿಲ್ಲವೇ?

ಸಿಂಧನೂರಿನ ಫಿಟ್ಟರ್

ಹಿಡಿಯುತ್ತದೆ. ಪೂರ್ತಿ ಗಾಳಿ ಹೋದರೆ ಖಾಲಿ ಟ್ರೇಲರ್‌ನ ಗಾಲಿಗಳು ಲಾಕ್ ಆಗಿ ಜಾರುತ್ತವೆ. ಆದ್ದರಿಂದ ಖಾಲಿ, ಅರ್ಧ, ಪೂರ್ತಿ ಎಂದು ಭಾರಕ್ಕೆ ತಕ್ಕಂತೆ ತಿರುಗಿಸುವ ವಾಲ್ವನ್ನು ಕೇಳಿ ಹಾಕಿಸಿ. ಮಿಲ್ಲಿನಿಂದ ಹೊರಡುವ ಮುನ್ನ ಅದನ್ನು ತಿರುಗಿಸುವುದನ್ನು ಚಾಲಕನಿಗೆ ರೂಢಿ ಮಾಡಿಸಿ. ದಿನವೂ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ತೆಗೆಯಿರಿ. ಎಂಜಿನ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಬೇಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ, ಸೋಪಿನ ನೀರು ಹಚ್ಚಿ ಹುಡುಕಿ. ರಸ್ತೆಗೆ ಬರುವಾಗ ಟ್ರ್ಯಾಕ್ಟರ್‌ನ ಎಡಗಾಲಿಗೊಂದು, ಬಲಗಾಲಿಗೊಂದು ಇರುವ ಎರಡೂ ಬ್ರೇಕ್ ಪೆಡಲ್‌ಗಳನ್ನು ಕೂಡಿಸಿ ಕೊಂಡಿ ಹಾಕಿರಬೇಕು. ಒಂದು ಬದಿಯ ಗಾಲಿ ಮಾತ್ರ ಹಿಡಿದರೂ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಅಂದು ಸೇತುವೆಯ ಮೇಲೆ ಆ ಕೊಂಡಿ ಇತ್ತೇ ಎಂದು ತಮ್ಮನವರನ್ನು ಒಮ್ಮೆ ಕೇಳಿ ನೋಡಿ.